ಗುಜರಿಯವನು ಬೇಡವೆನ್ನುವುದನ್ನು ನಾವೇಕೆ ಕೊಳ್ಳಬೇಕು?

ಮನೆಗೆ ಒಂದು ವಸ್ತುವನ್ನು ಕೊಳ್ಳುವಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಬೆಲೆ ಎಷ್ಟು? ಬಾಳಿಕೆ ಹೇಗೆ? ಧರ್ಮಪ್ರಜ್ಞೆಯುಳ್ಳ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಅದು ಹಲಾಲೇ? ಈ ಮೂರು ಪ್ರಶ್ನೆಗಳೂ ಅಗತ್ಯವಾದವೇ. ಆದರೆ ಇವೆಲ್ಲವೂ ವಸ್ತುವು ಮನೆಯೊಳಗೆ ಬರುವುದಕ್ಕೆ ಸಂಬಂಧಿಸಿದವು. ಬಳಕೆ ಮುಗಿದ ಮೇಲೆ ಅದು ಮನೆಯಿಂದ ಹೊರಗೆ ಹೋಗುವುದು ಎಲ್ಲಿಗೆ, ಯಾರ ಕೈಗೆ, ಯಾರ ಅಂಗಳಕ್ಕೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಪರಿಸರದ ಕುರಿತ ನಮ್ಮ ಬಹುಪಾಲು ಚರ್ಚೆಗಳು ವಿಫಲವಾಗುವುದು ಈ ಪ್ರಶ್ನೆಯನ್ನು ಅಂಗಡಿಯ ಕಟ್ಟೆಯ ಮುಂದೆ ಕೇಳದೆ, ಕಸದ ರಾಶಿಯ ಮುಂದೆ ನಿಂತು ಕೇಳುವುದರಿಂದ.

ಪರಿಸರಸ್ನೇಹಿ ಖರೀದಿ ಎಂದೊಡನೆ ಅದು ಬೆಂಗಳೂರಿನ ಸಿರಿವಂತರ ಹವ್ಯಾಸವೆಂಬ ಭಾವನೆ ನಮ್ಮ ಪಟ್ಟಣಗಳಲ್ಲಿದೆ. ಇದಕ್ಕೆ ಕಾರಣವಿಲ್ಲದೆಯೂ ಇಲ್ಲ. ಹಸಿರು ಬಣ್ಣದ ಡಬ್ಬಿ, ಎಲೆಯ ಚಿತ್ರ, ಎರಡು ಪಟ್ಟು ಬೆಲೆ ಇವೇ ಪರಿಸರಸ್ನೇಹಿ ವಸ್ತುವಿನ ಲಕ್ಷಣಗಳೆಂದು ಜಾಹೀರಾತುಗಳು ನಮ್ಮನ್ನು ನಂಬಿಸಿವೆ. ದಿನಗೂಲಿಯ ಮೇಲೆ ಸಂಸಾರ ಸಾಗಿಸುವವನು, ತಳ್ಳುಗಾಡಿಯ ಹಣ್ಣಿನ ವ್ಯಾಪಾರಿ, ಗ್ಯಾರೇಜಿನ ಮೆಕ್ಯಾನಿಕ್ಕು ಇಂಥವರು ಈ ಬೆಲೆಯನ್ನು ಎಲ್ಲಿಂದ ತರಬೇಕು? ಆದ್ದರಿಂದ ಈ ವಿಷಯವನ್ನು ನಾವು ಬೇರೆ ಕಡೆಯಿಂದ, ನಮ್ಮದೇ ಮೊಹಲ್ಲಾದ ಒಂದು ಅಂಗಡಿಯಿಂದ ನೋಡಲು ಬಯಸುತ್ತೇವೆ. ಅದು ಗುಜರಿ ಅಂಗಡಿ.

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳಿರಲಿ, ರಾಜ್ಯದ ಬೇರೆ ಯಾವುದೇ ಪಟ್ಟಣವಿರಲಿ, ಗುಜರಿ ವ್ಯಾಪಾರದಲ್ಲಿ ನಮ್ಮ ಸಮುದಾಯದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ತಳ್ಳುಗಾಡಿಯಲ್ಲಿ ಬೀದಿ ಬೀದಿ ಸುತ್ತಿ ಹಳೆಯ ಸಾಮಾನು ಕೊಳ್ಳುವವರು, ಅದನ್ನು ವಿಂಗಡಿಸುವ ಕೂಲಿಗಳು, ತೂಕ ಹಾಕಿ ಲಾರಿಗೆ ತುಂಬುವ ವ್ಯಾಪಾರಿಗಳು ಹೀಗೆ ಹಲವು ಕುಟುಂಬಗಳ ಅನ್ನ ಅದರಲ್ಲಿದೆ. ಸಮಾಜವು ಈ ಉದ್ಯೋಗವನ್ನು ಕೀಳಾಗಿ ಕಾಣುತ್ತದೆ. ನಮ್ಮವರಲ್ಲೂ ಹೆಣ್ಣು ಕೊಡುವಾಗ ಈ ಕಸುಬನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ಆದರೆ ಒಂದು ವಸ್ತುವು ಭೂಮಿಗೆ ಭಾರವೋ ಅಲ್ಲವೋ ಎಂಬುದನ್ನು ಕಾಲೇಜಿನ ಪಾಠಕ್ಕಿಂತ ನೇರವಾಗಿ ಹೇಳಬಲ್ಲವನು ಈ ಗುಜರಿಯವನೇ. ಏಕೆಂದರೆ ಅವನು ಅದಕ್ಕೆ ತನ್ನ ಜೇಬಿನಿಂದ ಬೆಲೆ ಕೊಡಬೇಕು.

ಅವನು ಏನನ್ನು ಕೊಳ್ಳುತ್ತಾನೆಂದು ಗಮನಿಸಿ. ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸ್ಟೀಲು, ಹಳೆಯ ಪತ್ರಿಕೆ, ಮಕ್ಕಳ ನೋಟ್‌ಪುಸ್ತಕ, ರಟ್ಟಿನ ಪೆಟ್ಟಿಗೆ. ಪ್ಲಾಸ್ಟಿಕ್ಕಿನಲ್ಲಿ ಒಡೆದ ಬಕೆಟ್ಟು, ಕೊಡ, ಎಣ್ಣೆಯ ಗಟ್ಟಿ ಕ್ಯಾನು, ನೀರಿನ ಬಾಟಲಿ. ಇನ್ನು ಅವನು ಏನನ್ನು ಬೇಡವೆನ್ನುತ್ತಾನೆ? ಚಿಪ್ಸಿನ ಪೊಟ್ಟಣ, ಬಿಸ್ಕತ್ತಿನ ಮೇಲಿನ ಹೊಳೆಯುವ ಹೊದಿಕೆ, ಶಾಂಪೂವಿನ ಸ್ಯಾಶೆ, ಕೊಳೆಯಾದ ತೆಳು ಕವರು, ಥರ್ಮಾಕೋಲಿನ ತಟ್ಟೆ, ಚಹಾ ಕುಡಿದು ಎಸೆದ ಕಾಗದದ ಲೋಟ, ಮಗುವಿನ ಡೈಪರು. ಇವನ್ನು ಹಣ ಕೇಳದೆ ಕೊಟ್ಟರೂ ಅವನು ತನ್ನ ಗಾಡಿಗೆ ಹಾಕಿಕೊಳ್ಳುವುದಿಲ್ಲ.

ಇದಕ್ಕೆ ಕಾರಣ ಸರಳವಾಗಿದೆ. ಕಬ್ಬಿಣವನ್ನು ಕರಗಿಸಿದರೆ ಮತ್ತೆ ಕಬ್ಬಿಣವಾಗುತ್ತದೆ. ಬಕೆಟ್ಟಿನ ಪ್ಲಾಸ್ಟಿಕ್ಕನ್ನು ಪುಡಿಮಾಡಿ ಕರಗಿಸಿ ಇನ್ನೊಂದು ವಸ್ತು ಮಾಡಬಹುದು. ಆದರೆ ಚಿಪ್ಸಿನ ಪೊಟ್ಟಣವು ಒಂದೇ ವಸ್ತುವಲ್ಲ. ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ಕಿನ ಪದರಗಳಿಗೆ ಅಲ್ಯೂಮಿನಿಯಮ್ಮಿನ ತೆಳು ಲೇಪ ಸೇರಿಸಿ ಅದನ್ನು ಅಂಟಿಸಿರುತ್ತಾರೆ. ಈ ಪದರಗಳನ್ನು ಬೇರ್ಪಡಿಸುವ ಖರ್ಚು ಅದರಿಂದ ಸಿಗುವ ಹಣಕ್ಕಿಂತ ಹೆಚ್ಚು. ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ಕಿನ ತೆಳು ಪದರವಿರುತ್ತದೆ. ಅದಿಲ್ಲದಿದ್ದರೆ ಬಿಸಿ ಚಹಾ ಸುರಿದೊಡನೆ ಲೋಟ ನೆಂದುಹೋಗುತ್ತಿತ್ತು. ಥರ್ಮಾಕೋಲಿನಲ್ಲಿ ಇರುವುದು ಬಹುಪಾಲು ಗಾಳಿ. ಒಂದು ಗಾಡಿ ತುಂಬ ಹೇರಿದರೂ ತಕ್ಕಡಿ ಏಳುವುದಿಲ್ಲ.

ಹಾಗಾದರೆ ನಮ್ಮ ಮನೆಯಿಂದ ವಸ್ತುಗಳು ಹೊರಹೋಗಲು ಮೂರು ದಾರಿಗಳಿವೆ ಎಂದಾಯಿತು. ಒಂದು, ಗುಜರಿಯ ದಾರಿ. ಎರಡು, ತಿಪ್ಪೆಯ ದಾರಿ. ತರಕಾರಿಯ ಸಿಪ್ಪೆ, ಉಳಿದ ಅನ್ನ, ಬಾಳೆ ಎಲೆ, ಮುತ್ತುಗದ ಎಲೆ ಇವು ಮಣ್ಣಿಗೆ ಸೇರಿ ಗೊಬ್ಬರವಾಗುತ್ತವೆ. ಮೂರನೆಯದು ಚರಂಡಿಯ ದಾರಿ. ಗುಜರಿಗೂ ಬೇಡವಾದ, ಮಣ್ಣಿಗೂ ಬೇಡವಾದ ವಸ್ತುಗಳೆಲ್ಲ ಹೋಗುವುದು ಇಲ್ಲಿಗೇ. ಖರೀದಿಯ ನಾಲ್ಕನೆಯ ಪ್ರಶ್ನೆ ಇಷ್ಟೆ. ನಾವು ಕೊಳ್ಳುತ್ತಿರುವ ಈ ವಸ್ತು, ಅದರ ಹೊದಿಕೆ, ಅದನ್ನು ಹಾಕಿಕೊಟ್ಟ ಚೀಲ ಇವು ಮೊದಲಿನ ಎರಡು ದಾರಿಗಳಲ್ಲಿ ಹೋಗುವಂಥವೋ, ಮೂರನೆಯ ದಾರಿ ಹಿಡಿಯುವಂಥವೋ? ಇದನ್ನು ಕೇಳಲು ಹೆಚ್ಚಿನ ಹಣವೂ ಬೇಡ, ಪದವಿಯೂ ಬೇಡ.

ಮೂರನೆಯ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಚನ್ನರಾಯನದುರ್ಗದ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಮಳೆ ಕಡಿಮೆಯ ನಾಡು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ. ಇಲ್ಲಿನ ಹಿರಿಯರು ಕೆರೆಗಳನ್ನು ಕಟ್ಟಿ ಬದುಕಿದರು. ಬೆಟ್ಟದ ಮೇಲೆ ಕೋಟೆ ಕಟ್ಟಿದವರು ಬಂಡೆಯ ದೊಣೆಗಳಲ್ಲಿ ಮಳೆನೀರನ್ನು ಹಿಡಿದಿಟ್ಟರು. ಹನಿ ಹನಿ ನೀರನ್ನು ಲೆಕ್ಕ ಹಾಕಿದ ಈ ನಾಡಿನಲ್ಲಿ ಇಂದು ಮಳೆ ಬಂದೊಡನೆ ಮೊದಲು ಹರಿದು ಕೆರೆ ಸೇರುವುದು ಚರಂಡಿಯ ಕವರು ಮತ್ತು ಸ್ಯಾಶೆಗಳು. ಮಳೆಗೆ ಮುನ್ನ ಗಾಳಿ ಇವನ್ನು ಹೊಲಗಳಿಗೆ ಹರಡುತ್ತದೆ. ಅದೇ ಹೊಲಗಳಲ್ಲಿ ಕುರಿ ಮೇಯುತ್ತವೆ. ಶಿರಾ, ಪಾವಗಡ, ಮಧುಗಿರಿ ಕುರಿ ಸಾಕಣೆಗೆ ಹೆಸರಾದ ತಾಲೂಕುಗಳು. ನಾವು ಬಕ್ರೀದ್‌ಗೆ ಹಲ್ಲು ನೋಡಿ, ಅಂಗಾಂಗ ನೋಡಿ, ನ್ಯೂನತೆಯಿಲ್ಲದ ಪ್ರಾಣಿಯನ್ನೇ ಆರಿಸುತ್ತೇವೆ. ಆ ಪ್ರಾಣಿ ಮೇಯುವ ನೆಲಕ್ಕೆ ನಾವು ಏನನ್ನು ಕಳುಹಿಸುತ್ತಿದ್ದೇವೆಂದು ನೋಡುವುದಿಲ್ಲ. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿಯ ಹೆಸರಿನಲ್ಲೇ ಒಂದು ಸಂರಕ್ಷಣಾ ಮೀಸಲು ಪ್ರದೇಶವಿದೆ. ಬೇಲಿಯು ಬೇಟೆಗಾರನನ್ನು ತಡೆಯಬಹುದು, ಗಾಳಿಯಲ್ಲಿ ಹಾರಿಬರುವ ಕವರನ್ನು ತಡೆಯಲಾರದು.

ಚರಂಡಿಗೆ ಹೋಗದ ಕಸವನ್ನು ನಾವು ಸುಡುತ್ತೇವೆ. ಫಜ್ರ್ ನಮಾಝಿಗೆ ಹೋಗುವಾಗ ಬೀದಿಯ ತುದಿಯಲ್ಲಿ ಹೊಗೆಯಾಡುವ ರಾಶಿ ಎಷ್ಟು ಊರುಗಳಲ್ಲಿ ಕಾಣಸಿಗುವುದಿಲ್ಲ? ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಪಿವಿಸಿ ಸುಟ್ಟಾಗ ಡಯಾಕ್ಸಿನ್ ಎಂಬ, ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು ಹೊರಬರುತ್ತದೆ. ಸುಡದೆ ಬಿಟ್ಟ ಲೋಟ, ತಟ್ಟೆಗಳಲ್ಲಿ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಆ ಸೊಳ್ಳೆಗೆ ಕೊಳಚೆ ನೀರು ಬೇಕಿಲ್ಲ, ಒಂದು ಲೋಟದಲ್ಲಿ ನಿಂತ ತಿಳಿನೀರು ಸಾಕು. ಚರಂಡಿ ಕಟ್ಟಿಕೊಂಡಾಗ ಮೊದಲು ನೀರು ನುಗ್ಗುವುದು ಬಡವರ ಇಕ್ಕಟ್ಟಿನ ಮೊಹಲ್ಲಾಗಳಿಗೆ. ಆದ್ದರಿಂದ ಇದನ್ನು ಹೊಟ್ಟೆ ತುಂಬಿದವರ ಚಿಂತೆಯೆಂದು ತಳ್ಳಿಹಾಕುವವರು ಮತ್ತೊಮ್ಮೆ ಆಲೋಚಿಸಲಿ.

ನಮ್ಮ ಧರ್ಮವು ಈ ವಿಚಾರದಲ್ಲಿ ಮೌನವಾಗಿಲ್ಲ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಆಶಯ ಕುರ್‌ಆನಿನಲ್ಲಿದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಅತಿಯಾಗಿ ಬಳಸಬಾರದೆಂಬ ಪ್ರವಾದಿ ಬೋಧನೆಯನ್ನು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಖುತ್ಬಾಗಳಲ್ಲಿ ಕೇಳಿದ್ದೇವೆ. ತೆಗೆಯುವುದು ಈಮಾನ್ ಆದರೆ ತಂದು ಹಾಕುವುದು ಏನು? ವಿದ್ವಾಂಸರು ಇಸ್ರಾಫ್ ಮತ್ತು ತಬ್ಝೀರ್ ಎಂಬ ಎರಡು ಪದಗಳ ನಡುವೆ ವ್ಯತ್ಯಾಸ ಮಾಡುತ್ತಾರೆ. ಹಲಾಲ್ ಆದುದರಲ್ಲೇ ಮಿತಿ ಮೀರುವುದು ಇಸ್ರಾಫ್. ಖರ್ಚು ಮಾಡಬಾರದ ಕಡೆ ಖರ್ಚು ಮಾಡುವುದು ತಬ್ಝೀರ್. ಹತ್ತು ನಿಮಿಷ ಬಳಸಿ ತಲೆಮಾರುಗಳ ಕಾಲ ಮಣ್ಣಿನಲ್ಲಿ ಉಳಿಯುವ ವಸ್ತುವಿಗೆ ಕೊಡುವ ಹಣ ಇವೆರಡರಲ್ಲಿ ಯಾವ ಸಾಲಿಗೆ ಸೇರುತ್ತದೆಂಬುದನ್ನು ಓದುಗರ ವಿವೇಚನೆಗೇ ಬಿಡುತ್ತೇವೆ.

ಇನ್ನು ಆಚರಣೆಗೆ ಬರೋಣ. ಮೊದಲನೆಯದು ಚೀಲ. ನಮ್ಮ ಬಹುತೇಕ ಮನೆಗಳಲ್ಲಿ ಸಾಮಾನಿನ ಚೀಟಿ ಬರೆಯುವವರು ಹೆಂಗಸರು, ತರುವವರು ಗಂಡಸರು. ಕೆಲಸದಿಂದ ಮರಳುವಾಗಲೋ ಇಶಾ ಮುಗಿಸಿ ಬರುವಾಗಲೋ ಬರಿಗೈಯಲ್ಲಿ ಬೈಕು ನಿಲ್ಲಿಸಿ, ಟೊಮೇಟೊಗೊಂದು, ಕೊತ್ತಂಬರಿಗೊಂದು, ಮೊಟ್ಟೆಗೊಂದು ಕವರು ಹಿಡಿದು ಬರುವುದು ರೂಢಿಯಾಗಿದೆ. ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಎರಡು ಚೀಲಗಳನ್ನು ಬೈಕಿನ ಪೆಟ್ಟಿಗೆಯಲ್ಲೋ ಸೀಟಿನ ಕೆಳಗೋ ಇಟ್ಟುಕೊಳ್ಳುವುದರಿಂದ ಗಂಡಸುತನಕ್ಕೆ ಕುಂದು ಬರುವುದಿಲ್ಲ. ಗೃಹಿಣಿಯೊಬ್ಬಳಿಗೇ ಪರಿಸರದ ಉಪದೇಶ ಮಾಡುವ ಲೇಖನಗಳು ಸಾಕಷ್ಟು ಬಂದಿವೆ. ಈ ಮಾತನ್ನು ಗಂಡಸರಿಗೆ ಹೇಳಬೇಕಾಗಿದೆ.

ಎರಡನೆಯದು ಮಾಂಸ. ಹಿಂದೆ ಈ ಬಯಲುಸೀಮೆಯಲ್ಲಿ ಮಾಂಸವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ಇಂದು ಕಪ್ಪು ಕವರಿನಲ್ಲಿ ಕೊಡುತ್ತಾರೆ. ರಕ್ತ ಮತ್ತು ಕೊಬ್ಬು ಅಂಟಿದ ಆ ಕವರನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ. ಬೀದಿನಾಯಿಗಳು ಮಾತ್ರ ಎಳೆದಾಡುತ್ತವೆ. ಮನೆಯಿಂದ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಒಯ್ದರೆ ಸಾಕು. ಕಟುಕನಿಗೂ ಕವರಿನ ಖರ್ಚು ಉಳಿಯುತ್ತದೆ. ಬಕ್ರೀದ್‌ನಲ್ಲಿ ಕುರ್ಬಾನಿಯ ಮಾಂಸವನ್ನು ನೆರೆಹೊರೆಗೆ, ಬಂಧುಗಳಿಗೆ, ಬಡವರಿಗೆ ಹಂಚುವಾಗ ಒಂದೊಂದು ಮನೆಯಿಂದ ಹೊರಡುವ ಕವರುಗಳ ಸಂಖ್ಯೆಯನ್ನು ಎಣಿಸಿದರೆ ನಾವೇ ಬೆಚ್ಚುತ್ತೇವೆ. ಡಬ್ಬಿಯಲ್ಲಿ ಒಯ್ದು ಅವರ ಪಾತ್ರೆಗೆ ಹಾಕಿ ಬರುವ ಪದ್ಧತಿ ನಮ್ಮ ತಾಯಂದಿರ ಕಾಲದಲ್ಲಿ ಇತ್ತು. ಪಾತ್ರೆಯೊಡನೆ ಬಾಗಿಲು ತಟ್ಟಿದಾಗ ಎರಡು ಮಾತಾದರೂ ನಡೆಯುತ್ತಿತ್ತು.

ಮೂರನೆಯದು ಕಿರಾಣಿ. ಇಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ರಾಗಿ, ಹುರುಳಿ, ಅವರೆ, ಕಡಲೆಕಾಯಿ, ಹುಣಸೆ ಇವೆಲ್ಲ ಸುತ್ತಲಿನ ಹೊಲಗಳಲ್ಲೇ ಬೆಳೆದು ಸಂತೆಯಲ್ಲಿ ಸೇರು, ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಸಿಗುತ್ತವೆ. ಇವಕ್ಕೆ ಹೊಳೆಯುವ ಹೊದಿಕೆ ಬೇಕಿಲ್ಲ, ದೂರದ ಲಾರಿ ಬಾಡಿಗೆಯೂ ಬೇಕಿಲ್ಲ. ಗದ್ದೆಯ ಭತ್ತಕ್ಕೆ ಬೇಕಾಗುವಷ್ಟು ನೀರು ರಾಗಿಗೆ ಬೇಡ. ಬೋರ್‌ವೆಲ್ ಬತ್ತುತ್ತಿರುವ ನಾಡಿನಲ್ಲಿ ದಿನಕ್ಕೊಂದು ಹೊತ್ತಾದರೂ ಮುದ್ದೆ ಉಣ್ಣುವುದು ಊರಿನ ಅಂತರ್ಜಲಕ್ಕೆ ನಾವು ಸಲ್ಲಿಸುವ ಸೇವೆಯೇ ಆಗಿದೆ. ಮಕ್ಕಳ ಕೈಗೆ ಚಿಪ್ಸಿನ ಪೊಟ್ಟಣದ ಬದಲು ಹುರಿದ ಕಡಲೆಕಾಯಿ ಕೊಟ್ಟರೆ ಸಿಪ್ಪೆ ತಿಪ್ಪೆಗೆ ಹೋಗುತ್ತದೆ, ಹೊಟ್ಟೆಗೂ ಹಿತ. ಆದರೆ ಒಂದು ಎಚ್ಚರಿಕೆ. ಬಿಸಿ ಬೋಂಡಾ, ಸಮೋಸಗಳನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಡುವುದು ಪರಿಸರಸ್ನೇಹಿಯಂತೆ ಕಂಡರೂ ಆರೋಗ್ಯಕ್ಕೆ ಹಾನಿಕರ. ಮುದ್ರಣದ ಶಾಯಿ ಎಣ್ಣೆಯೊಡನೆ ಆಹಾರಕ್ಕೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಇದನ್ನು ನಿಷೇಧಿಸಿವೆ. ಇಲ್ಲೂ ಡಬ್ಬಿಯೇ ಉತ್ತರ.

ಹಾಲಿನ ಪ್ಯಾಕೆಟ್ಟನ್ನು ಕೊಳ್ಳದೆ ಇರಲಾಗದು. ಆದರೆ ಅದನ್ನು ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರ್ಪಡಿಸದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಬಹುದು. ಬಿದ್ದ ಚೂರನ್ನು ಯಾರೂ ಹೆಕ್ಕುವುದಿಲ್ಲ. ತೊಳೆದು ಒಣಗಿಸಿದ ಇಡೀ ಪ್ಯಾಕೆಟ್ಟಿಗೆ ಮರುಬಳಕೆಯ ಬೆಲೆಯಿದೆ. ಇದು ಸಣ್ಣ ವಿಷಯವೆನ್ನಿಸಬಹುದು. ಗುಜರಿಯಲ್ಲಿ ವಿಂಗಡಣೆಗೆ ಕೂತವರ ಕೈಗಳನ್ನು ನೆನೆದರೆ ಸಣ್ಣದೆನ್ನಿಸದು. ನಾವು ತೊಳೆಯದೆ ಬಿಸಾಡಿದ್ದನ್ನು, ಒಡೆದ ಗಾಜಿನೊಡನೆ ಬೆರೆಸಿ ಎಸೆದಿದ್ದನ್ನು ಬರಿಗೈಯಿಂದ ಬೇರ್ಪಡಿಸುವವರು ಅವರು. ಆ ಕೈಗಳಲ್ಲಿ ನಮ್ಮವರ ಕೈಗಳೂ ಇವೆ.

ಇಲ್ಲಿ ಸ್ಯಾಶೆಯ ಪ್ರಶ್ನೆ ಏಳುತ್ತದೆ. ಒಂದೆರಡು ರೂಪಾಯಿಯ ಶಾಂಪೂ, ಹತ್ತು ರೂಪಾಯಿಯ ಸೋಪಿನ ಪುಡಿ ಕೊಳ್ಳುವವರು ಬಡವರು. ಆ ದಿನದ ಕೂಲಿಯಲ್ಲಿ ಆ ದಿನದ್ದನ್ನು ಕೊಳ್ಳುವವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಸ್ಯಾಶೆಯ ಬದಲಿಗೆ ಬಾರ್ ಸೋಪು ಇದೆ, ಬಿಡಿಯಾಗಿ ತೂಗಿ ಕೊಡುವ ಸೀಗೆಕಾಯಿ, ಅಂಟುವಾಳ ಇವೆ. ತಿಂಗಳ ಸಂಬಳದವರು ಸ್ಯಾಶೆಯ ಸರವನ್ನು ಮನೆಯಲ್ಲಿ ತೂಗುಹಾಕಿಕೊಳ್ಳುವುದಕ್ಕಂತೂ ಯಾವ ನೆಪವೂ ಇಲ್ಲ. ನಾಲ್ಕೈದು ನೆರೆಮನೆಯವರು ಕೂಡಿ ದೊಡ್ಡ ಡಬ್ಬಿ ಅಥವಾ ಚೀಲವನ್ನೇ ತಂದು ಹಂಚಿಕೊಂಡರೆ ಬೆಲೆಯೂ ಇಳಿಯುತ್ತದೆ. ಅಕ್ಕಿಯನ್ನು ಹೀಗೆ ಕೊಳ್ಳುವವರು ನಮ್ಮಲ್ಲಿದ್ದಾರೆ. ಎಣ್ಣೆ, ಸೋಪುಗಳನ್ನು ಏಕೆ ಕೊಳ್ಳಬಾರದು?

ಇನ್ನು ಹಸಿರಿನ ವೇಷ ಧರಿಸಿದ ವಸ್ತುಗಳ ಕುರಿತು. ಈದ್ ಖರೀದಿಯಲ್ಲಿ ಬಟ್ಟೆ ಅಂಗಡಿಯವರು ಕೊಡುವ ಬಣ್ಣದ ಕೈಚೀಲವನ್ನು ಬಹಳ ಮಂದಿ ಬಟ್ಟೆಯ ಚೀಲವೆಂದೇ ತಿಳಿದಿದ್ದಾರೆ. ಅದು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಬೆಳಕಿಗೆ ಹಿಡಿದು ನೋಡಿದರೆ ಹಾಸು ಹೊಕ್ಕಿನ ನೂಲು ಕಾಣುವುದಿಲ್ಲ. ಕೆಲವು ಸಲ ಬಳಸುವಷ್ಟರಲ್ಲಿ ಹರಿದು ಪುಡಿಪುಡಿಯಾಗುತ್ತದೆ. ಚಹಾದ ಕಾಗದದ ಲೋಟದ ಕುರಿತು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 100 ಮಿಲಿ ಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಒಳಪದರದಿಂದ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆಂದು ಅವರು ಕಂಡುಕೊಂಡರು. ಮಣ್ಣಿನಲ್ಲಿ ಕರಗುತ್ತದೆಂದು ಹೇಳುವ ಕವರುಗಳೂ ಬಂದಿವೆ. ಅವುಗಳಲ್ಲಿ ಹಲವು ಕರಗಬೇಕಾದರೆ ಹೆಚ್ಚಿನ ಶಾಖದಲ್ಲಿ ನಡೆಯುವ ಕಾಂಪೋಸ್ಟ್ ಘಟಕ ಬೇಕು. ಚರಂಡಿಗೆ ಬಿದ್ದರೆ ಅವೂ ಉಳಿದ ಕವರುಗಳಂತೆಯೇ ನೀರನ್ನು ಕಟ್ಟುತ್ತವೆ.

ನಂಬಲರ್ಹವಾದ ಸರಕಾರಿ ಗುರುತು ಇಲ್ಲವೇ ಎಂದು ಕೇಳಬಹುದು. ಇದೆ. ಕೇಂದ್ರ ಸರಕಾರ 1991ರಲ್ಲಿಯೇ ಇಕೋಮಾರ್ಕ್ ಯೋಜನೆಯನ್ನು ಆರಂಭಿಸಿ ಮಣ್ಣಿನ ಮಡಕೆಯನ್ನು ಅದರ ಚಿಹ್ನೆಯಾಗಿಸಿತು. ಮೂರು ದಶಕ ಕಳೆದರೂ ಆ ಮಡಕೆ ನಮ್ಮ ಪಟ್ಟಣದ ಅಂಗಡಿಗಳನ್ನು ತಲುಪಲಿಲ್ಲ. 2024ರಲ್ಲಿ ಅದಕ್ಕೆ ಹೊಸ ನಿಯಮಗಳು ಬಂದವು. ಪರಿಸರದ ಹೆಸರಿನಲ್ಲಿ ಸುಳ್ಳು ಹೇಳುವ ಜಾಹೀರಾತುಗಳನ್ನು ತಡೆಯಲು ಅದೇ ವರ್ಷದ ಅಕ್ಟೋಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೂ ಹೊರಡಿಸಿತು. ಇವು ಸ್ವಾಗತಾರ್ಹ. ಆದರೆ ಆ ಚಿಹ್ನೆ ನಮ್ಮ ಕಿರಾಣಿ ಅಂಗಡಿಗೆ ಬರುವ ತನಕ ಗುಜರಿಯವನ ತಕ್ಕಡಿಯೇ ನಮ್ಮ ಇಕೋಮಾರ್ಕ್.

ಈ ತಕ್ಕಡಿ ಎಲ್ಲವನ್ನೂ ಅಳೆಯಲಾರದು ಎಂಬುದನ್ನೂ ಹೇಳಬೇಕು. ನೀರಿನ ಬಾಟಲಿಯನ್ನು ಗುಜರಿಯವನು ಕೊಳ್ಳುತ್ತಾನೆ. ಹಾಗೆಂದು ದಿನವೂ ಬಾಟಲಿ ನೀರು ಕೊಳ್ಳುವುದು ಸರಿಯಾಗುವುದಿಲ್ಲ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಹಲ್ಲು ಮೂಳೆಗಳನ್ನು ಅದು ಹಾಳುಮಾಡಿರುವುದು ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿನವರು ಶುದ್ಧೀಕರಿಸಿದ ನೀರನ್ನೇ ಕುಡಿಯಬೇಕು. ಆದರೆ ಶುದ್ಧ ನೀರಿನ ಘಟಕದಿಂದ ವರ್ಷಗಟ್ಟಲೆ ಬಾಳುವ 20 ಲೀಟರಿನ ಕ್ಯಾನು ತುಂಬಿಸಿ ತರುವುದಕ್ಕೂ, ಸಮಾರಂಭದಲ್ಲಿ ಅರ್ಧ ಲೀಟರಿನ ಬಾಟಲಿ ಒಡೆದು ಎರಡು ಗುಟುಕು ಕುಡಿದು ಬಿಡುವುದಕ್ಕೂ ಅಜಗಜಾಂತರವಿದೆ. ಇದೇ ರೀತಿ ಫ್ರಿಜ್ಜು ಹಳತಾದರೆ ಗುಜರಿಗೆ ಹೋಗುತ್ತದೆ, ಆದರೆ ಅದು ಮನೆಯಲ್ಲಿರುವ ಹತ್ತು ವರ್ಷ ಎಷ್ಟು ವಿದ್ಯುತ್ ತಿನ್ನುತ್ತದೆಂಬುದನ್ನು ಕೊಳ್ಳುವ ದಿನವೇ ನೋಡಬೇಕು. ಅದರ ಮೇಲಿನ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ನಕ್ಷತ್ರದ ಮಾನದಂಡ ಆಗಾಗ ಬಿಗಿಯಾಗುವುದರಿಂದ ಚೀಟಿಯ ವರ್ಷವನ್ನೂ ನೋಡಬೇಕು. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಬರುವುದಿಲ್ಲವಲ್ಲ ಎನ್ನುವವರು ಅದರ 200 ಯೂನಿಟ್ಟಿನ ಮಿತಿಯನ್ನು ಮರೆಯಬಾರದು. ಪಾವಗಡದ ತಿರುಮಣಿಯ ಸುತ್ತಮುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕು ತಲೆಯೆತ್ತಿದ್ದು ಸುಮಾರು 13,000 ಎಕರೆ ನೆಲದ ಮೇಲೆ. ಸೂರ್ಯನ ಬೆಳಕು ಉಚಿತವಾದರೂ ರೈತರ ಆ ನೆಲ ಉಚಿತವಲ್ಲ.

ಈಗ ನಮ್ಮ ಸಾಮೂಹಿಕ ಜೀವನದ ಕಡೆಗೆ ಬರೋಣ. ಮನೆಯಲ್ಲಿ ವರ್ಷವಿಡೀ ಉಳಿಸಿದ್ದನ್ನು ನಾವು ಒಂದು ನಿಕಾಹಿನ ದಿನ ಕಳೆಯುತ್ತೇವೆ. 500 ಜನರ ಊಟವೆಂದರೆ ತಟ್ಟೆ, ಬಟ್ಟಲು, ಲೋಟ, ನೀರಿನ ಬಾಟಲಿ ತಲಾ ಒಂದೊಂದು ಎಂದಿಟ್ಟುಕೊಂಡರೂ ಒಂದೇ ಹೊತ್ತಿನಲ್ಲಿ 2,000 ವಸ್ತುಗಳು. 100 ಜನ ಸೇರುವ ಮಸೀದಿಯ ಇಫ್ತಾರಿನಲ್ಲಿ ತಟ್ಟೆ ಮತ್ತು ಲೋಟವನ್ನಷ್ಟೇ ಲೆಕ್ಕ ಹಿಡಿದರೂ 30 ದಿನಗಳಿಗೆ 6,000. ಉಪವಾಸವು ಸಂಯಮದ ತರಬೇತಿಯೆಂದು ಹೇಳುವ ನಾವು ಆ ತಿಂಗಳಿನಲ್ಲೇ ಊರಿಗೆ ಇಷ್ಟು ಕಸ ಕೊಡುವುದು ವಿಪರ್ಯಾಸವಲ್ಲವೇ? ದಸ್ತರ್‌ಖಾನ್ ಎಂಬುದು ಒಂದು ಕಾಲದಲ್ಲಿ ಒಗೆದು ಮಡಿಸಿಡುವ ಬಟ್ಟೆಯಾಗಿತ್ತು. ನಾಲ್ಕಾರು ಜನ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಿದ್ದರು. ಈಗ ದಸ್ತರ್‌ಖಾನ್ ಎಂದರೆ ಸುರುಳಿಯಿಂದ ಹರಿದು ಹಾಸುವ ಪ್ಲಾಸ್ಟಿಕ್ ಹಾಳೆ. ಊಟ ಮುಗಿದೊಡನೆ ಮೂಳೆ, ಅನ್ನ, ಲೋಟಗಳ ಸಮೇತ ಸುತ್ತಿ ಎಸೆಯುತ್ತೇವೆ. ತಿಪ್ಪೆಗೆ ಹೋಗಬಹುದಾಗಿದ್ದ ಅನ್ನವೂ ಹೀಗೆ ಚರಂಡಿಯ ಪಾಲಾಗುತ್ತದೆ.

ಇದಕ್ಕೆ ಪರಿಹಾರವು ಜಮಾಅತಿನ ಕೈಯಲ್ಲಿದೆ. ಅಡುಗೆಯ ದೇಗ್‌ಗಳನ್ನು ಇಟ್ಟುಕೊಂಡು ಮದುವೆಗಳಿಗೆ ಕೊಡುವ ಪದ್ಧತಿ ಅನೇಕ ಮಸೀದಿಗಳಲ್ಲಿದೆ. ಅದರ ಜೊತೆಗೆ ಸ್ಟೀಲ್ ತಟ್ಟೆ, ಲೋಟ, ನೀರಿನ ಜಗ್ಗುಗಳ ಒಂದು ಸೆಟ್ಟನ್ನು ಒಮ್ಮೆ ಕೊಂಡರೆ ತಲೆಮಾರು ಬಾಳುತ್ತದೆ. ಸಣ್ಣ ಬಾಡಿಗೆಯಿಂದ ಅದರ ಹಣವೂ ಮರಳುತ್ತದೆ. ತೊಳೆಯುವ ಕೆಲಸಕ್ಕೆ ಇಬ್ಬರಿಗೆ ಕೂಲಿ ಕೊಟ್ಟರೆ ಹಣ ಊರಿನಲ್ಲೇ ಉಳಿಯುತ್ತದೆ. ನೀರಿಗೆ ತೀರ ತತ್ವಾರವಿರುವ ಬೇಸಿಗೆಯಲ್ಲಿ ಮುತ್ತುಗದ ಎಲೆಯ ತಟ್ಟೆಯನ್ನೋ ಅಡಿಕೆ ಹಾಳೆಯ ತಟ್ಟೆಯನ್ನೋ ಬಳಸಲಿ. ಅವು ಉಳಿದ ಅನ್ನದೊಡನೆ ತಿಪ್ಪೆಗೆ ಹೋಗುತ್ತವೆ. ಮನೆ ಕಟ್ಟಿದ, ವಿದೇಶದಲ್ಲಿ ದುಡಿದ ಅನುಕೂಲಸ್ಥರು ತಮ್ಮ ಹಿರಿಯರ ಹೆಸರಿನಲ್ಲಿ ಮಸೀದಿಗೆ ಫ್ಯಾನು, ಗಡಿಯಾರ, ಕಾರ್ಪೆಟ್ಟುಗಳನ್ನು ಕೊಡುತ್ತಾರೆ. 500 ತಟ್ಟೆಗಳನ್ನು ಕೊಟ್ಟರೆ ಅದೂ ಸದಕಾ ಜಾರಿಯವೇ.

ಹಾಗಾದರೆ ಹೊಣೆಯೆಲ್ಲ ಗ್ರಾಹಕನದೇ? ಖಂಡಿತ ಅಲ್ಲ. ಕರ್ನಾಟಕ ಸರಕಾರವು 2016ರ ಮಾರ್ಚ್ 11ರಂದು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸು, ಊಟದ ಮೇಜಿಗೆ ಹಾಸುವ ಹಾಳೆಗಳನ್ನು ನಿಷೇಧಿಸಿತು. ಕೇಂದ್ರ ಸರಕಾರವು 2022ರ ಜುಲೈ 1ರಿಂದ ಥರ್ಮಾಕೋಲಿನ ಅಲಂಕಾರ, ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ, ಸಿಹಿತಿಂಡಿಯ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗಳಿಗೆ ಸುತ್ತುವ ತೆಳು ಹಾಳೆ ಮುಂತಾದುವನ್ನು ದೇಶಾದ್ಯಂತ ನಿಷೇಧಿಸಿತು. ನಮ್ಮ ಮದುವೆಗಳ ಅರ್ಧ ಸರಂಜಾಮು ಈ ಪಟ್ಟಿಯಲ್ಲಿದೆ. ಆದರೂ ಸಂತೆಯಲ್ಲಿ ಕವರು ಸಿಗುತ್ತಲೇ ಇದೆ. ದಾಳಿ ನಡೆದಾಗ ದಂಡ ತೆರುವವನು ಸೊಪ್ಪು ಮಾರುವ ಮುದುಕಿಯೋ ತಳ್ಳುಗಾಡಿಯವನೋ ಆಗಿರುತ್ತಾನೆ. ಕವರು ತಯಾರಿಸುವ ಕಾರ್ಖಾನೆಯ ಬಾಗಿಲು ತಟ್ಟುವವರು ವಿರಳ. ಗುಟ್ಕಾ, ಪಾನ್ ಮಸಾಲ, ತಂಬಾಕಿಗೆ ಪ್ಲಾಸ್ಟಿಕ್ ಸ್ಯಾಶೆಯನ್ನು 2016ರ ಕೇಂದ್ರ ನಿಯಮಗಳು ನಿಷೇಧಿಸಿದವು. ಶಾಂಪೂ, ಚಿಪ್ಸುಗಳ ಹೊದಿಕೆಯನ್ನು ಮುಟ್ಟಲಿಲ್ಲ. ತಯಾರಿಸಿದ ಕಂಪೆನಿಯೇ ಹೊದಿಕೆಯನ್ನು ಮರಳಿ ಪಡೆದು ವಿಲೇವಾರಿಗೆ ಹೊಣೆಯಾಗಬೇಕೆಂಬ ನಿಯಮ ಇದೆ. ಆದರೆ ನಮ್ಮ ಚರಂಡಿಯಲ್ಲಿರುವ ಸ್ಯಾಶೆಯನ್ನು ಕೇಳಿಕೊಂಡು ಯಾವ ಕಂಪೆನಿಯೂ ಬಂದಿಲ್ಲ.

ಜಗತ್ತಿನ ಮಟ್ಟದಲ್ಲೂ ಇದೇ ಕಥೆ. ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಒಂದು ಒಪ್ಪಂದ ಬೇಕೆಂದು 2022ರ ಮಾರ್ಚಿನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ತೀರ್ಮಾನಿಸಿತು. 2024ರಲ್ಲಿ ಬೂಸಾನಿನಲ್ಲಿ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಗಳು ಒಪ್ಪಂದವಿಲ್ಲದೆ ಮುಗಿದವು. ಉತ್ಪಾದನೆಗೇ ಮಿತಿ ಹಾಕುವುದನ್ನು ಒಪ್ಪದ ದೇಶಗಳಲ್ಲಿ ತೈಲ ಮಾರುವ ಶ್ರೀಮಂತ ಮುಸ್ಲಿಮ್ ರಾಷ್ಟ್ರಗಳೂ ಇದ್ದವೆಂಬುದನ್ನು ನಾವು ನಿಷ್ಠುರವಾಗಿ ಹೇಳಬೇಕು. ಅದೇ ವೇಳೆ ತೆಳು ಪ್ಲಾಸ್ಟಿಕ್ ಚೀಲಗಳನ್ನು ಜಗತ್ತಿನಲ್ಲಿ ಮೊದಲು ನಿಷೇಧಿಸಿದ ದೇಶ ಬಡ ಬಾಂಗ್ಲಾದೇಶ. 2002ರಲ್ಲಿ. ಅದಕ್ಕೆ ಮುಂಚಿನ ಭೀಕರ ಪ್ರವಾಹಗಳಲ್ಲಿ ಆ ಚೀಲಗಳು ಚರಂಡಿಗಳನ್ನು ಕಟ್ಟಿಹಾಕಿದ್ದನ್ನು ಅವರು ಕಂಡಿದ್ದರು. ಜಾರಿಯಲ್ಲಿ ಅವರೂ ಎಡವಿದರು. ಕಾಯ್ದೆಯೊಂದೇ ಸಾಲದು, ಕೊಳ್ಳುವವನ ಕೈಯೂ ಬದಲಾಗಬೇಕೆಂಬುದು ಅವರ ಅನುಭವದ ಪಾಠ.

ಆದ್ದರಿಂದ ಎರಡೂ ಕಡೆ ಕೆಲಸ ನಡೆಯಬೇಕು. ಪುರಸಭೆಯ ಸದಸ್ಯರು ಓಟು ಕೇಳಲು ಬಂದಾಗ ಒಣ ಕಸ ವಿಂಗಡಿಸುವ ಕೇಂದ್ರ ಎಲ್ಲಿದೆ, ಅಲ್ಲಿ ಗುಜರಿಯವರಿಗೆ ಕೈಗವಸು, ನೆರಳು, ಗುರುತಿನ ಚೀಟಿ ಕೊಟ್ಟಿದ್ದೀರಾ ಎಂದು ಕೇಳೋಣ. ಕವರು ತಯಾರಿಸುವವನನ್ನು ಬಿಟ್ಟು ಸೊಪ್ಪಿನವಳಿಗೆ ದಂಡ ಹಾಕುವುದೇಕೆಂದು ಕೇಳೋಣ. ಹಾಗೆ ಕೇಳುವಾಗ ನಮ್ಮ ಕೈಯಲ್ಲಿ ಕವರು ಇರಬಾರದು. ಒಂದು ಮನೆಯಿಂದ ಏನಾದೀತು ಎಂಬ ಮಾತು ಅಂಗಡಿಯವನ ಲೆಕ್ಕವನ್ನು ತಿಳಿಯದವರ ಮಾತು. ಅಂಗಡಿಯವನು ಮಾರಾಟವಾಗುವುದನ್ನು ಮಾತ್ರ ತರಿಸುತ್ತಾನೆ. ಒಂದು ಮೊಹಲ್ಲಾದ 40 ಮನೆಯವರು ಡಬ್ಬಿ ಹಿಡಿದು ನಿಂತರೆ ಮಾಂಸದ ಅಂಗಡಿಯವನು ಕವರಿನ ಕಟ್ಟನ್ನು ತರಿಸುವುದನ್ನೇ ಕಡಿಮೆ ಮಾಡುತ್ತಾನೆ.

ಬರುವ ಶುಕ್ರವಾರದ ಖುತ್ಬಾದಲ್ಲಿ ಇಮಾಮರು ಈ ವಿಷಯವನ್ನು ಎತ್ತಿಕೊಳ್ಳಲಿ ಎಂದು ವಿನಂತಿಸುತ್ತೇವೆ. ಮಸೀದಿ ಸಮಿತಿಗಳು ಮುಂದಿನ ರಮಝಾನಿಗೆ ಮುನ್ನ ತಟ್ಟೆ ಲೋಟಗಳ ತೀರ್ಮಾನವನ್ನು ಮಾಡಲಿ. ಮನೆಗಳಲ್ಲಿ ಈ ತಿಂಗಳ ಸಾಮಾನಿನ ಚೀಟಿಯನ್ನು ಮುಂದಿಟ್ಟುಕೊಂಡು ತಂದೆ, ತಾಯಿ, ಮಕ್ಕಳು ಕುಳಿತು ಒಂದೊಂದು ವಸ್ತುವಿನ ಎದುರೂ ಗುಜರಿ, ತಿಪ್ಪೆ, ಚರಂಡಿ ಎಂದು ಗುರುತು ಹಾಕಲಿ. ಚರಂಡಿಯ ಸಾಲಿನಲ್ಲಿರುವ ಮೂರು ವಸ್ತುಗಳನ್ನು ಈ ತಿಂಗಳು ಬಿಡಲಿ, ಇನ್ನು ಮೂರನ್ನು ಮುಂದಿನ ತಿಂಗಳು. ಬೀದಿಯಲ್ಲಿ ಹಳೆ ಸಾಮಾನು ಎಂದು ಕೂಗುತ್ತಾ ಬರುವ ಗುಜರಿಯ ಸಹೋದರನಿಗೆ ನಾವು ಸಲಾಮ್ ಹೇಳಿ, ತೊಳೆದ, ವಿಂಗಡಿಸಿದ ಸಾಮಾನನ್ನು ಕೊಡುವಂತಾಗಲಿ. ಅವನು ಬೇಡವೆನ್ನುವ ವಸ್ತು ನಮ್ಮ ಮನೆಗಳಲ್ಲಿ ದಿನದಿಂದ ದಿನಕ್ಕೆ ಕಡಿಮೆಯಾಗಲಿ.